ಕತ್ತಲ ಕೋಣೆಯ ಬೆಳಕು: ಇಬ್ನುಲ್ ಹೈಸಮ್

ಹಂಚಿನ ಸಂದಿಯಿಂದ ಕತ್ತಲ ಕೋಣೆಗೆ ಇಳಿಯುವ ಬಿಸಿಲುಕೋಲನ್ನು ನೀವು ನೋಡಿರುತ್ತೀರಿ. ಮಕ್ಕಳು ಅದರಲ್ಲಿ ತೇಲುವ ಧೂಳನ್ನು ಹಿಡಿಯಲು ಕೈಚಾಚುತ್ತಾರೆ. ಸಾವಿರ ವರ್ಷಗಳ ಹಿಂದೆ ಒಬ್ಬ ವಿದ್ವಾಂಸರು ಇಂತಹ ಬೆಳಕನ್ನೇ ಪರೀಕ್ಷಿಸುತ್ತಾ, ನಮಗೆ ವಸ್ತುಗಳು ಕಾಣುವುದಾದರೂ ಹೇಗೆ ಎಂದು ವಿಚಾರ ಮಾಡಿದರು. ಅವರೇ ಅಬೂ ಅಲಿ ಹಸನ್ ಇಬ್ನುಲ್ ಹೈಸಮ್.

ಇರಾಕಿನ ಬಸ್ರಾದಲ್ಲಿ ಕ್ರಿ.ಶ. 965ರ ಸುಮಾರಿಗೆ ಅವರ ಜನನ. ನೈಲ್ ನದಿಯ ನೀರನ್ನು ಹತೋಟಿಗೆ ತರಬಹುದೆಂದು ಅವರು ಹೇಳಿದ ಮಾತು ಈಜಿಪ್ಟಿನ ಫಾತಿಮೀ ಖಲೀಫ ಹಾಕಿಮ್‌ನ ಕಿವಿಗೆ ಬಿತ್ತು. ಕೂಡಲೇ ಕರೆ ಬಂತು. ಚರಿತ್ರೆಕಾರರು ಹೇಳುವಂತೆ, ಕೆಲಸಗಾರರೊಡನೆ ಅಸ್ವಾನ್ ಕಡೆಗೆ ಹೊರಟ ಅವರಿಗೆ ದಾರಿಯುದ್ದಕ್ಕೂ ಪ್ರಾಚೀನರ ಭವ್ಯ ಕಟ್ಟಡಗಳು ಕಂಡವು. ಇಷ್ಟೆಲ್ಲ ಬಲ್ಲವರು, ಸಾಧ್ಯವಿದ್ದಿದ್ದರೆ ಈ ಕೆಲಸವನ್ನು ಬಿಡುತ್ತಿದ್ದರೇ? ಸ್ಥಳ ನೋಡಿದಾಗ ಸಂಶಯ ಖಚಿತವಾಯಿತು. ಹಿಂತಿರುಗಿ ಬಂದು ಖಲೀಫನ ಮುಂದೆ ತಮ್ಮ ತಪ್ಪನ್ನು ಒಪ್ಪಿಕೊಂಡರು.

ಹಾಕಿಮ್ ಯಾವಾಗ ಮುನಿಯುವನೆಂದು ಹೇಳಲಾಗದ ದೊರೆ. ಅವನು ಕೊಟ್ಟ ಹುದ್ದೆಯಲ್ಲಿ ಪ್ರಾಣಭಯದಿಂದಿದ್ದ ಇಬ್ನುಲ್ ಹೈಸಮ್ ಹುಚ್ಚನಂತೆ ನಟಿಸಿದರು. 1021ರಲ್ಲಿ ಖಲೀಫ ಇಲ್ಲವಾಗುವವರೆಗೆ ಗೃಹಬಂಧನದಲ್ಲಿದ್ದರು. ಈ ಸೋಗು ಮೆಚ್ಚತಕ್ಕದ್ದೆಂದು ನಾನು ಹೇಳಲಾರೆ. ಆದರೆ ಜೀವಭಯವಿಲ್ಲದೆ ಮನೆಯಲ್ಲಿ ಕುಳಿತಿರುವ ನಾವು ಅವರ ಮೇಲೆ ತೀರ್ಪು ಕೊಡುವುದು ಸುಲಭ, ಅಲ್ಲವೇ?

ಕಣ್ಣಿನಿಂದ ಕಿರಣಗಳು ಹೊರಟು ವಸ್ತುಗಳನ್ನು ಮುಟ್ಟುವುದರಿಂದ ನಾವು ಕಾಣುತ್ತೇವೆ ಎಂದು ಗ್ರೀಕರಾದ ಯೂಕ್ಲಿಡ್ ಮತ್ತು ಟಾಲೆಮಿ ನಂಬಿದ್ದರು. ಅಂತಹ ದೊಡ್ಡ ಹೆಸರುಗಳನ್ನು ಎದುರಿಸುವುದು ಹುಡುಗಾಟವಲ್ಲ. ಇಬ್ನುಲ್ ಹೈಸಮ್ ಸೂರ್ಯನನ್ನು ದಿಟ್ಟಿಸಿದರೆ ಕಣ್ಣು ನೋಯುವುದನ್ನು ತೋರಿಸಿದರು. ಹೊರಗಿನಿಂದ ಏನೋ ಒಳಗೆ ಬರದೆ ಕಣ್ಣು ನೋಯುವುದೇಕೆ? ಬಳಿಕ ಕತ್ತಲ ಕೋಣೆಯ ಸಣ್ಣ ರಂಧ್ರದ ಹೊರಗೆ ಹಲವು ದೀಪಗಳನ್ನು ಬೇರೆ ಬೇರೆ ಕಡೆ ಇರಿಸಿದರು. ಒಳಗೋಡೆಯ ಮೇಲೆ ದೀಪಕ್ಕೊಂದರಂತೆ ಬೆಳಕಿನ ಚುಕ್ಕೆ ಮೂಡಿತು. ಒಂದು ದೀಪವನ್ನು ಮರೆಮಾಡಿದರೆ ಅದರ ಚುಕ್ಕೆ ಮಾತ್ರ ಮಾಯ! ಬೆಳಕು ನೇರ ರೇಖೆಯಲ್ಲಿ ಸಾಗುತ್ತದೆ, ಒಂದೇ ರಂಧ್ರದಲ್ಲಿ ಹಾದರೂ ಒಂದರ ಬೆಳಕು ಇನ್ನೊಂದರೊಡನೆ ಬೆರೆಯುವುದಿಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು. ಮನೆಯಲ್ಲಿ ನೀವೂ ಮಾಡಿ ನೋಡಬಹುದು.

ಇದೆಲ್ಲವೂ ಅವರ ಏಳು ಭಾಗಗಳ 'ಕಿತಾಬುಲ್ ಮನಾಝಿರ್'ನಲ್ಲಿದೆ. ಅದರ ಲ್ಯಾಟಿನ್ ಅನುವಾದ 1572ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಅಚ್ಚಾಯಿತು. ಅವರು ಹೇಳಿದ್ದೆಲ್ಲ ಸರಿಯಾಗಿರಲಿಲ್ಲ. ದೃಷ್ಟಿಯ ಗ್ರಹಣ ಕಣ್ಣಿನ ಮಸೂರದಲ್ಲಿ ಆಗುತ್ತದೆಂದು ಅವರು ಭಾವಿಸಿದ್ದರು. ಚಿತ್ರ ಮೂಡುವುದು ಹಿಂದಿನ ಅಕ್ಷಿಪಟಲದ ಮೇಲೆ ಎಂದು 1604ರಲ್ಲಿ ಕೆಪ್ಲರ್ ವಿವರಿಸಿದರು. ಇಬ್ನುಲ್ ಹೈಸಮ್ ಬದುಕಿದ್ದರೆ ಬೇಸರಪಡುತ್ತಿರಲಿಲ್ಲವೆಂದು ತೋರುತ್ತದೆ. ಹಿಂದಿನವರ ಗ್ರಂಥ ಓದುವವನು ಅದನ್ನು ಮಾತ್ರವಲ್ಲ, ತನ್ನ ವಿವೇಚನೆಯನ್ನೂ ಶಂಕಿಸಬೇಕೆಂದು ಬರೆದವರು ಅವರು.

ಬಿಡುಗಡೆಯ ನಂತರ ಕೈರೋದ ಅಝ್ಹರ್ ಮಸೀದಿಯ ಬಳಿ ವಾಸಿಸಿದರು. ಯೂಕ್ಲಿಡ್ ಮತ್ತು ಟಾಲೆಮಿಯ ಗ್ರಂಥಗಳನ್ನು ಪ್ರತಿಮಾಡಿ ಮಾರಿ ಅವರು ಹೊಟ್ಟೆ ಹೊರೆದರೆನ್ನುತ್ತಾರೆ. ಟಾಲೆಮಿಯ ದೋಷಗಳನ್ನು ಎತ್ತಿ ತೋರಿಸುವ 'ಶುಕೂಕ್' ಗ್ರಂಥವನ್ನು ಬರೆದದ್ದೂ ಅದೇ ಕೈ. 1040ರ ಸುಮಾರಿಗೆ ಅವರು ಕೈರೋದಲ್ಲಿ ನಿಧನರಾದರು.