ಪವಿತ್ರ ವಾರದಲ್ಲಿ ಮೊದಲು ಮೊಳಗಿದ ಕ್ರಿಸ್ಮಸ್ ಸಂಗೀತ

ಪ್ರಭುವಿನ ದೀಕ್ಷಾಸ್ನಾನದ ಹಬ್ಬದೊಂದಿಗೆ ಕ್ರಿಸ್ತಜಯಂತಿಯ ಕಾಲ ಮುಗಿಯುತ್ತದೆ. ಗೋದಲಿಯ ಬೊಂಬೆಗಳು ಪೆಟ್ಟಿಗೆ ಸೇರುತ್ತವೆ, ನಕ್ಷತ್ರದೀಪ ಅಟ್ಟವನ್ನೇರುತ್ತದೆ. ಅವುಗಳೊಡನೆ ಹಾಡುಗಳನ್ನೂ ನಾವು ಕಟ್ಟಿ ಇಡುತ್ತೇವೆ. ಬೇಸಿಗೆಯ ಮಧ್ಯಾಹ್ನದಲ್ಲಿ ಮನೆಯ ಮಗು ಕ್ರಿಸ್ಮಸ್ ಹಾಡೊಂದನ್ನು ಗುನುಗಿದರೆ ಹಿರಿಯರು ನಗುತ್ತಾರೆ, ಇಲ್ಲವೇ ಗದರುತ್ತಾರೆ. ತಪಸ್ಸುಕಾಲದಲ್ಲಂತೂ ಅದು ಅಪಚಾರವೆಂದೇ ಭಾವಿಸುವವರುಂಟು. ಕಾಲವಲ್ಲದ ಕಾಲದಲ್ಲಿ ಆ ಸಂಗೀತವನ್ನು ಆಲಿಸುವುದು ಉಚಿತವೇ ಎಂಬ ಪ್ರಶ್ನೆ ಚಿಕ್ಕದಾಗಿ ಕಂಡರೂ ನಮ್ಮ ವಿಶ್ವಾಸದ ಆಳವನ್ನು ಮುಟ್ಟುವಂಥದು. ಇಂದು ಲೋಕದ ಅನೇಕ ಕಡೆ ಕ್ರಿಸ್ಮಸ್ ಸಂಗೀತವೆಂದೇ ಹೆಸರಾದ 'ಮೆಸ್ಸೀಯ'ವನ್ನು ರಚಿಸಿದ ಜಾರ್ಜ್ ಫ್ರೆಡರಿಕ್ ಹ್ಯಾಂಡೆಲ್ ಅವರ ಜೀವನವನ್ನು ಅರಿತರೆ ಈ ಪ್ರಶ್ನೆಯ ಮೇಲೆ ಬೇರೊಂದು ಬೆಳಕು ಬೀಳುತ್ತದೆ.

ಹ್ಯಾಂಡೆಲ್ ಜನಿಸಿದ್ದು 1685ರ ಫೆಬ್ರವರಿ 23ರಂದು, ಜರ್ಮನಿಯ ಹಾಲೆ ನಗರದಲ್ಲಿ. ಕ್ಷೌರ ಮತ್ತು ಶಸ್ತ್ರವೈದ್ಯ ಎರಡನ್ನೂ ವೃತ್ತಿಯಾಗಿ ಹೊಂದಿದ್ದ ತಂದೆಗೆ ಮಗ ನ್ಯಾಯಶಾಸ್ತ್ರ ಓದಬೇಕೆಂಬ ಆಸೆ. ಮಗನ ಮನಸ್ಸಾದರೋ ಸಂಗೀತದಲ್ಲಿ ನೆಟ್ಟಿತ್ತು. ಊರಿನ ಆರ್ಗನ್ ವಾದಕರೊಬ್ಬರ ಬಳಿ ಪಾಠವಾಯಿತು. ಹದಿನೇಳರ ಹರೆಯದಲ್ಲಿ ವಿಶ್ವವಿದ್ಯಾನಿಲಯಕ್ಕೆ ಸೇರಿದ ವರ್ಷವೇ ಚರ್ಚೊಂದರ ಆರ್ಗನ್ ವಾದಕನ ಹುದ್ದೆಯೂ ದೊರೆಯಿತು. 1703ರಲ್ಲಿ ಹ್ಯಾಂಬರ್ಗ್ ನಗರದ ಗೀತನಾಟಕ ಮಂದಿರವನ್ನು ಸೇರಿದ ಅವರು 1706ರಲ್ಲಿ ಇಟಲಿಗೆ ಹೊರಟರು.

ರೋಮ್ ನಗರ ಈ ಲೂಥರನ್ ತರುಣನನ್ನು ತೆರೆದ ಮನಸ್ಸಿನಿಂದ ಬರಮಾಡಿಕೊಂಡಿತು. 1707ರ ಜನವರಿಯಲ್ಲಿ ಸಂತ ಯೊವಾನ್ನರ ಲ್ಯಾಟರನ್ ಮಹಾದೇವಾಲಯದ ಆರ್ಗನ್ ನುಡಿಸಿ ಅವರು ಕೇಳಿದವರನ್ನು ಬೆರಗುಗೊಳಿಸಿದರು. ಕಾರ್ಡಿನಲ್‌ಗಳು ಅವರಿಗೆ ಆಶ್ರಯವಿತ್ತರು. ಕೀರ್ತನೆಗಳಿಗೆ ಲ್ಯಾಟಿನ್ ಭಾಷೆಯಲ್ಲಿ ರಾಗ ಸಂಯೋಜಿಸಿದರು. 1708ರ ಪಾಸ್ಕ ಹಬ್ಬದಂದು ಪ್ರಭುವಿನ ಪುನರುತ್ಥಾನವನ್ನು ಕುರಿತ ಅವರ ಕೃತಿಯೊಂದು ರೋಮಿನ ಅರಮನೆಯೊಂದರಲ್ಲಿ ಮೊಳಗಿತು. ಹುಟ್ಟಿದ ಪಂಥವನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಆದರೆ ರೋಮಿನಲ್ಲಿ ಕೇಳಿದ್ದನ್ನು ಮರೆಯಲೂ ಇಲ್ಲ. ಆಗಮನ ಕಾಲ ಬಂದಿತೆಂದರೆ ಬೆಟ್ಟಗಾಡಿನ ಕುರುಬರು ರೋಮ್ ನಗರಕ್ಕಿಳಿದು ಮಾತೆ ಮರಿಯಳ ಚಿತ್ರಗಳ ಮುಂದೆ ಕೊಳಲು ಮತ್ತು ಚರ್ಮದ ಚೀಲದ ವಾದ್ಯಗಳನ್ನು ನುಡಿಸುವ ವಾಡಿಕೆ ಅಲ್ಲಿತ್ತು. 'ಮೆಸ್ಸೀಯ'ದಲ್ಲಿ ದೇವದೂತರು ಕುರುಬರಿಗೆ ಕಾಣಿಸಿಕೊಳ್ಳುವ ಮುನ್ನ ಬರುವ ಸೌಮ್ಯ ವಾದ್ಯಸಂಗೀತಕ್ಕೆ ಹ್ಯಾಂಡೆಲ್ ಇಟ್ಟ 'ಪೀಫಾ' ಎಂಬ ಹೆಸರು ಆ ಕುರುಬರ ನೆನಪೇ ಎಂದು ಸಂಗೀತಜ್ಞರು ಹೇಳುತ್ತಾರೆ.

1711ರಲ್ಲಿ ಲಂಡನ್ನಿನಲ್ಲಿ ಅವರ ಗೀತನಾಟಕ ಜಯಭೇರಿ ಹೊಡೆಯಿತು. 1727ರಲ್ಲಿ ಅವರು ಬ್ರಿಟಿಷ್ ಪ್ರಜೆಯಾದರು. ಕೀರ್ತಿ, ಸಂಪತ್ತು, ರಾಜಾಶ್ರಯ ಎಲ್ಲವೂ ಒದಗಿದವು. ಆದರೆ ಜನರ ಅಭಿರುಚಿ ಬದಲಾಯಿತು. ಸ್ಪರ್ಧೆಯಿಂದ ನಷ್ಟವಾಯಿತು. 1737ರಲ್ಲಿ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿತು. ಆಖೆನ್ ನಗರದ ಬಿಸಿನೀರಿನ ಬುಗ್ಗೆಗಳಲ್ಲಿ ಚಿಕಿತ್ಸೆ ಪಡೆದು ಚೇತರಿಸಿಕೊಂಡರು. 1741ರ ಆರಂಭದಲ್ಲಿ ಆಡಿಸಿದ ಗೀತನಾಟಕ ಮೂರೇ ಪ್ರದರ್ಶನಗಳಿಗೆ ನಿಂತುಹೋಯಿತು. ಅದೇ ಅವರ ಕೊನೆಯ ಗೀತನಾಟಕ.

ಆ ವರ್ಷವೇ ಚಾರ್ಲ್ಸ್ ಜೆನ್ನೆನ್ಸ್ ಎಂಬ ಮಿತ್ರರು ಪವಿತ್ರ ಗ್ರಂಥದ ವಚನಗಳನ್ನಷ್ಟೇ ಆಯ್ದು ಜೋಡಿಸಿದ ಪಠ್ಯವೊಂದನ್ನು ಅವರಿಗೆ ಒದಗಿಸಿದರು. ಆಗಸ್ಟ್ 22ರಂದು ಬರೆಯತೊಡಗಿದ ಹ್ಯಾಂಡೆಲ್ ಸೆಪ್ಟೆಂಬರ್ 14ರಂದು ಲೇಖನಿ ಕೆಳಗಿಟ್ಟರು. ಇಪ್ಪತ್ತನಾಲ್ಕು ದಿನಗಳಲ್ಲಿ 'ಮೆಸ್ಸೀಯ' ಪೂರ್ಣಗೊಂಡಿತ್ತು. ಇದು ಆರಟೋರಿಯೊ ಪ್ರಕಾರದ ಕೃತಿ. ಅಂದರೆ ವೇಷಭೂಷಣ, ಅಭಿನಯಗಳಿಲ್ಲದೆ ಗಾಯನ ಮತ್ತು ವಾದ್ಯಗಳಿಂದಲೇ ಕಥೆಯನ್ನು ನಿರೂಪಿಸುವಂಥದು. ಪಠ್ಯವನ್ನು ಜೋಡಿಸಿದ ಜೆನ್ನೆನ್ಸ್ ಅದನ್ನು ಪವಿತ್ರ ವಾರದಲ್ಲಿ ಕೇಳಬೇಕೆಂದು ಬಯಸಿದ್ದರೇ ಹೊರತು ಕ್ರಿಸ್ಮಸ್ ಹಬ್ಬದಲ್ಲಲ್ಲ ಎಂಬುದು ಗಮನಾರ್ಹ.

ಆ ಬಯಕೆ ಲಂಡನ್ನಿನಲ್ಲಲ್ಲ, ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಈಡೇರಿತು. 1742ರ ಏಪ್ರಿಲ್ 13, ಪವಿತ್ರ ವಾರದ ಮಂಗಳವಾರ. ಫಿಶ್ಯಾಂಬಲ್ ಬೀದಿಯ ಸಂಗೀತ ಸಭಾಂಗಣದಲ್ಲಿ ಸುಮಾರು 700 ಮಂದಿ ನೆರೆದಿದ್ದರು. ಹೆಚ್ಚು ಜನರಿಗೆ ಸ್ಥಳ ಸಿಗಲೆಂದು ಸ್ತ್ರೀಯರು ಅಗಲವಾದ ಬಳೆಗಳುಳ್ಳ ಲಂಗ ತೊಡದೆ, ಪುರುಷರು ಸೊಂಟದ ಖಡ್ಗ ಬಿಟ್ಟು ಬರಬೇಕೆಂದು ಪತ್ರಿಕೆಯಲ್ಲಿ ಕೋರಲಾಗಿತ್ತು. ಬಂದ ಸುಮಾರು 400 ಪೌಂಡ್ ಹಣವನ್ನು ಎರಡು ಆಸ್ಪತ್ರೆಗಳಿಗೂ ಸೆರೆಯಲ್ಲಿದ್ದ ಸಾಲಗಾರರ ಪರಿಹಾರಕ್ಕೂ ಹಂಚಲಾಯಿತು. ಸಾಲ ತೀರಿಸಲಾರದ ಬಡವನನ್ನು ಸೆರೆಗೆ ತಳ್ಳುತ್ತಿದ್ದ ಕಾಲವದು. ಆ ಹಣದಿಂದ 142 ಮಂದಿಯ ಸಾಲ ತೀರಿ ಅವರಿಗೆ ಬಿಡುಗಡೆಯಾಯಿತು. ಬಂಧಿಗಳಿಗೆ ಬಿಡುಗಡೆಯನ್ನು ಸಾರಲು ಬಂದ ಪ್ರಭುವಿನ ಕಥೆಯನ್ನು ಹಾಡಿ ನಿಜವಾಗಿಯೇ ಸೆರೆಮನೆಯ ಬಾಗಿಲು ತೆರೆಸಿದ್ದು ಆ ದಿನದ ಸಂಗೀತ.

ಈ ಕೃತಿಯಲ್ಲಿ ಮೂರು ಭಾಗಗಳಿವೆ. ಮೊದಲನೆಯದರಲ್ಲಿ ಪ್ರವಾದಿ ಯೆಶಾಯನ ಸಾಂತ್ವನದ ನುಡಿ, ಲೋಕೋದ್ಧಾರಕನ ನಿರೀಕ್ಷೆ, ಬೆತ್ಲೆಹೇಮಿನ ಕುರುಬರು. ಎರಡನೆಯದರಲ್ಲಿ ಪ್ರಭುವಿನ ಯಾತನೆ, ಮರಣ, ಪುನರುತ್ಥಾನ, ಶುಭಸಂದೇಶದ ಪ್ರಸಾರ. ಮೂರನೆಯದರಲ್ಲಿ ಮೃತರ ಪುನರುತ್ಥಾನದ ಭರವಸೆ. ಲೋಕವೆಲ್ಲ ಬಲ್ಲ ಆ ಅಲ್ಲೆಲೂಯ ಗಾನ ಬರುವುದು ಗೋದಲಿಯ ಬಳಿಯಲ್ಲಲ್ಲ, ಎರಡನೆಯ ಭಾಗದ ಕೊನೆಯಲ್ಲಿ. ಶಿಲುಬೆಯನ್ನು ದಾಟದೆ ಆ ಅಲ್ಲೆಲೂಯವನ್ನು ತಲುಪಲು ದಾರಿಯಿಲ್ಲ. ಡಿಸೆಂಬರಿನಲ್ಲಿ ಅದನ್ನು ಕೇಳಿ ಸಂತೋಷಪಡುವ ನಾವು ಇದನ್ನು ಎಷ್ಟು ಬಾರಿ ನೆನೆದಿದ್ದೇವೆ?

1743ರಲ್ಲಿ ಲಂಡನ್ನಿನಲ್ಲಿ ಇದೇ ಕೃತಿಗೆ ಆಕ್ಷೇಪಣೆ ಎದುರಾಯಿತು. ಪವಿತ್ರ ವಚನಗಳನ್ನು ನಾಟಕಶಾಲೆಯಲ್ಲಿ ನಟನಟಿಯರ ಬಾಯಲ್ಲಿ ಹಾಡಿಸುವುದು ತರವೇ ಎಂದು ಭಕ್ತರು ಕೇಳಿದರು. ಜನರ ಮನಸ್ಸು ಕರಗಿದ್ದು ಮುಂದೆ, ಅನಾಥ ಶಿಶುಗಳ ಮೂಲಕ. ಬೀದಿಯಲ್ಲಿ ಬಿಟ್ಟುಹೋದ ಕೂಸುಗಳಿಗಾಗಿ ಥಾಮಸ್ ಕೋರಮ್ ಎಂಬ ನಾವಿಕರು ಸ್ಥಾಪಿಸಿದ್ದ ಆಶ್ರಮಕ್ಕೆ ಹ್ಯಾಂಡೆಲ್ ಆರ್ಗನ್ ದಾನ ಮಾಡಿದರು. 1750ರ ಮೇ 1ರಂದು ಅದರ ಪ್ರಾರ್ಥನಾಮಂದಿರದಲ್ಲಿ 'ಮೆಸ್ಸೀಯ'ವನ್ನು ನಡೆಸಿಕೊಟ್ಟರು. ವರ್ಷವರ್ಷವೂ ಮುಂದುವರಿದ ಆ ಕಚೇರಿಗಳಿಂದ ಕಾಲಾಂತರದಲ್ಲಿ ಸುಮಾರು 7,000 ಪೌಂಡ್ ಆ ಮಕ್ಕಳ ಪಾಲಿಗೆ ಬಂತು. ಮೇ ತಿಂಗಳಲ್ಲಿ ಗೋದಲಿ ಇರಲಿಲ್ಲ, ನಕ್ಷತ್ರ ಇರಲಿಲ್ಲ. ತಾಣವಿಲ್ಲದ ಶಿಶುಗಳು ಮಾತ್ರ ಇದ್ದರು. ಬೆತ್ಲೆಹೇಮಿನಲ್ಲಿಯೂ ತಾಣವಿಲ್ಲದ ಶಿಶುವೇ ಅಲ್ಲವೇ ಜನಿಸಿದ್ದು?

1751ರಿಂದ ಕಣ್ಣುಗಳು ಮಂಜಾಗಿ ಕೊನೆಗೆ ಕತ್ತಲೆ ಕವಿಯಿತು. ಆದರೂ ಆರ್ಗನ್ ನುಡಿಸುವುದನ್ನು ಹ್ಯಾಂಡೆಲ್ ಬಿಡಲಿಲ್ಲ. 1759ರ ಏಪ್ರಿಲ್ 6ರಂದು 'ಮೆಸ್ಸೀಯ'ವನ್ನು ಕೊನೆಯ ಬಾರಿಗೆ ಕೇಳಿದರು. ಶುಭ ಶುಕ್ರವಾರದಂದು ಪ್ರಾಣ ಬಿಡುವ ಹಂಬಲ ಅವರಿಗಿತ್ತೆಂದು ಹೇಳುತ್ತಾರೆ. ಏಪ್ರಿಲ್ 14ರ ಪವಿತ್ರ ಶನಿವಾರ ಬೆಳಗ್ಗೆ, ಪಾಸ್ಕದ ಹೊಸ್ತಿಲಲ್ಲಿ, ಅವರು ಕಣ್ಮುಚ್ಚಿದರು. 'ಮೆಸ್ಸೀಯ'ದ ಪ್ರತಿಯೊಂದನ್ನು ಅನಾಥ ಶಿಶುಗಳ ಆಶ್ರಮಕ್ಕೆ ಸಲ್ಲಿಸಬೇಕೆಂದು ಮರಣಶಾಸನದಲ್ಲಿ ಬರೆಸಿದ್ದರು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅವರ ಸಮಾಧಿಯಿದೆ.

ಮುಂದಿನ ಶತಮಾನದಲ್ಲಿ ಈ ಕೃತಿ ಮೆಲ್ಲಮೆಲ್ಲನೆ ಡಿಸೆಂಬರಿಗೆ ಸರಿಯಿತು. ಅಮೆರಿಕದ ಬಾಸ್ಟನ್ ನಗರದಲ್ಲಿ ಇದನ್ನು ಪೂರ್ಣವಾಗಿ ಹಾಡಿದ್ದು 1818ರ ಕ್ರಿಸ್ಮಸ್ ದಿನದಂದು. ಅಂಥ ಕಚೇರಿಗಳು ಹೆಚ್ಚಿದಂತೆ ತಪಸ್ಸುಕಾಲದ ಸಂಗೀತ ಕ್ರಿಸ್ಮಸ್ ಸಂಗೀತವೆನಿಸಿತು.

ಹಾಗಾದರೆ ನಮ್ಮ ಪ್ರಶ್ನೆಗೆ ಉತ್ತರವೇನು? ದೇವಾಲಯದ ಪೂಜಾವಿಧಿಯಲ್ಲಿ ಧರ್ಮಸಭೆ ಗೊತ್ತುಪಡಿಸಿದ ಕಾಲಗಳಿಗೆ ನಾವು ತಲೆಬಾಗಬೇಕು. ತಪಸ್ಸುಕಾಲದಲ್ಲಿ ಅಲ್ಲಿ ಅಲ್ಲೆಲೂಯ ಮೌನ ತಾಳುವುದಕ್ಕೆ ಅರ್ಥವಿದೆ. ಆ ಮೌನವೇ ಪಾಸ್ಕದ ಹರ್ಷವನ್ನು ಹೆಚ್ಚಿಸುತ್ತದೆ. ಆದರೆ ಮನೆಯಲ್ಲಿ ಮಗುವೊಂದು ಮೇ ತಿಂಗಳಲ್ಲಿ ಬಾಲಯೇಸುವಿನ ಹಾಡು ಹಾಡಿದರೆ ಗದರಬೇಕಾಗಿಲ್ಲ. ಹಾಡಿನ ಜೊತೆಗೆ ನಾವೂ ಕುಳಿತು, ಆ ಶಿಶು ಮುಂದೆ ಏನಾದನೆಂಬ ಕಥೆಯನ್ನು ಮಗುವಿಗೆ ಪೂರ್ತಿ ಹೇಳೋಣ.

ಕಾಲ ಮೀರಿ ಕೇಳುವುದು ದೋಷವಲ್ಲ. ಹಬ್ಬದ ಕಾಲದಲ್ಲಿ ಮಾತ್ರ ಬಡವರನ್ನು ನೆನೆದು ಉಳಿದ ಹನ್ನೊಂದು ತಿಂಗಳು ಮರೆಯುವುದೇ ದೋಷ. ನಮ್ಮ ಧರ್ಮಕೇಂದ್ರದಲ್ಲಿಯೂ ಸಾಲದ ಹೊರೆಯಲ್ಲಿ ಕುಗ್ಗಿದವರಿದ್ದಾರೆ, ಆಸ್ಪತ್ರೆಯ ಹಾಸಿಗೆ ಹಿಡಿದವರಿದ್ದಾರೆ, ತಂದೆತಾಯಿಯಿಲ್ಲದ ಮಕ್ಕಳಿದ್ದಾರೆ. ಈ ವರ್ಷ ಬೇಸಿಗೆಯಲ್ಲೋ ಮಳೆಗಾಲದಲ್ಲೋ ಕ್ರಿಸ್ಮಸ್ ಹಾಡೊಂದು ಕಿವಿಗೆ ಬಿದ್ದರೆ ಅವರಲ್ಲಿ ಒಬ್ಬರ ಮನೆಗೆ ಹೋಗಿಬರೋಣ. ಆಗ ಆ ಹಾಡು ಅಕಾಲದ್ದೆಂದು ಯಾರೂ ಹೇಳಲಾರರು.