ಡಾರ್ವಿನ್‌ನ ಎದೆಬಡಿತ

ವೈವಾ ರೂಮಿನ ಹೊರಗೆ ನಿಂತಾಗ ಎದೆ ಡವಡವ ಅನ್ನೋದು, ಅಂಗೈ ಬೆವರೋದು, ಹೊಟ್ಟೆ ಕಿವುಚಿದ ಹಾಗಾಗೋದು ನಮಗೆಲ್ಲ ಗೊತ್ತಿರೋದೇ. ವಿಕಾಸವಾದ ಕೊಟ್ಟ ಚಾರ್ಲ್ಸ್ ಡಾರ್ವಿನ್‌ನನ್ನೂ ಇದು ಬಿಟ್ಟಿರಲಿಲ್ಲ.

ಡಾರ್ವಿನ್ ಹುಟ್ಟಿದ್ದು 1809ರಲ್ಲಿ, ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ. ತಂದೆ ಹೆಸರಾಂತ ವೈದ್ಯರು. ಮಗನೂ ಡಾಕ್ಟರ್ ಆಗಲಿ ಅಂತ ಎಡಿನ್‌ಬರಾಕ್ಕೆ ಕಳಿಸಿದರು. ಅರಿವಳಿಕೆ ಇಲ್ಲದ ಆ ಕಾಲದ ಆಪರೇಷನ್ ನೋಡಲಾಗದೆ ಹುಡುಗ ಹೊರಗೆ ಓಡಿಬಂದ. ಆಮೇಲೆ ಕೇಂಬ್ರಿಡ್ಜ್ ಸೇರಿದ. 1831ರಲ್ಲಿ ಬೀಗಲ್ ಹಡಗಿನಲ್ಲಿ ಲೋಕ ಸುತ್ತುವ ಅವಕಾಶ ಸಿಕ್ಕಿತು.

ಹಡಗು ಹೊರಡೋದು ಮಾತ್ರ ತಡವಾಗ್ತಾ ಹೋಯ್ತು. ಪ್ಲಿಮತ್ ಬಂದರಿನಲ್ಲಿ ಎರಡು ತಿಂಗಳು ಕಾಯಬೇಕಾಯ್ತು. ಮನೆಯವರನ್ನು ಬಿಟ್ಟು ವರ್ಷಗಟ್ಟಲೆ ದೂರ ಹೋಗೋ ಚಿಂತೆ ಬೇರೆ. ಆಗಲೇ ಎದೆ ಜೋರಾಗಿ ಹೊಡೆದುಕೊಳ್ಳೋಕೆ, ನೋಯೋಕೆ ಶುರುವಾಯ್ತು. ಅಷ್ಟಿಷ್ಟು ವೈದ್ಯಕೀಯ ಓದಿದ್ದ 22ರ ಹುಡುಗ ತನಗೆ ಹೃದ್ರೋಗ ಅಂತ ತೀರ್ಮಾನಿಸಿಬಿಟ್ಟ. ಡಾಕ್ಟರ್ ಹತ್ತಿರ ಹೋದರೆ ಪ್ರಯಾಣ ಬೇಡ ಅಂದುಬಿಟ್ಟರೆ? ಹಾಗಾಗಿ ಹೋಗಲೇ ಇಲ್ಲ. ಡಿಸೆಂಬರ್ 27ರಂದು ಹಡಗು ಹತ್ತಿಯೇಬಿಟ್ಟ. ಅದೇ ಎದೆ ಇಟ್ಟುಕೊಂಡು ಆಂಡಿಸ್ ಪರ್ವತ ದಾಟಿದ. ಸುಮಾರು ಐದು ವರ್ಷ ಸುತ್ತಿ 1836ರಲ್ಲಿ ಮನೆಗೆ ಬಂದ.

ಇಲ್ಲಿ ನಡೆಯೋದು ನಮಗೆ ಪರಿಚಯವಿರುವ ಪಾಸಿಟಿವ್ ಫೀಡ್‌ಬ್ಯಾಕ್. ಮೈಕನ್ನು ಸ್ಪೀಕರ್ ಮುಂದೆ ಹಿಡಿದರೆ ಸಣ್ಣ ಸದ್ದೂ ಕಿವಿ ಕೊರೆಯೋ ಕಿರುಚಾಟ ಆಗುತ್ತಲ್ಲ, ಹಾಗೆ. ಎದೆ ಸ್ವಲ್ಪ ಜೋರಾಗಿ ಬಡಿಯುತ್ತೆ, ಮನಸ್ಸು ಅದನ್ನು ಅಪಾಯ ಅಂತ ಓದುತ್ತೆ, ಅಡ್ರಿನಲಿನ್ ಏರುತ್ತೆ, ಎದೆ ಇನ್ನೂ ಜೋರಾಗುತ್ತೆ. ಆಗ ಮನಸ್ಸಿಗೆ ಸಾಕ್ಷಿ ಸಿಕ್ಕ ಹಾಗಾಗುತ್ತೆ. ಒಮ್ಮೆ ಈ ನಂಟು ಬೆಳೆದರೆ ಮುಂದೆ ಮೆಟ್ಟಿಲು ಹತ್ತಿ ಎದೆ ಬಡಿದರೂ ಸಾಕು, ಭಯ ಹಿಂದೆಯೇ ಬರುತ್ತೆ.

ಡಾರ್ವಿನ್‌ಗೆ ತೊಂದರೆ ಅಲ್ಲಿಗೇ ಮುಗೀಲಿಲ್ಲ. ಎದೆಬಡಿತ, ವಾಂತಿ, ನಡುಕ ಮರಳಿ ಮರಳಿ ಬಂದವು. ಮನೆಗೆ ನೆಂಟರು ಬಂದು ಮಾತಿನ ಸಂಭ್ರಮ ಹೆಚ್ಚಾದರೂ ಮೈ ಕೆಡುತ್ತಿತ್ತು. 1842ರಲ್ಲಿ ಲಂಡನ್ ಬಿಟ್ಟು ಡೌನ್ ಹಳ್ಳಿ ಸೇರಿದ. 1848ರಲ್ಲಿ ತಂದೆ ತೀರಿಕೊಂಡಾಗ ಅಂತ್ಯಕ್ರಿಯೆಯಲ್ಲಿ ನಿಲ್ಲೋಕೂ ಆಗಲಿಲ್ಲ. 1849ರಿಂದ 1855ರವರೆಗೆ ದಿನದಿನದ ಆರೋಗ್ಯವನ್ನು ಪುಸ್ತಕದಲ್ಲಿ ಬರೆದಿಟ್ಟ. 1860ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಅವನ ಸಿದ್ಧಾಂತದ ಮೇಲೆ ಭಾರೀ ವಾಗ್ವಾದ ನಡೆದಾಗ ಅವನೇ ಅಲ್ಲಿರಲಿಲ್ಲ, ಜಲಚಿಕಿತ್ಸೆ ತಗೊಳ್ತಿದ್ದ. ಈ ಕಾಯಿಲೆ ಏನು ಅನ್ನೋದು ಇಂದಿಗೂ ಇತ್ಯರ್ಥವಾಗಿಲ್ಲ. ಆತಂಕದ ತೊಂದರೆ ಅಂತ ಕೆಲವರು, ಸೋಂಕು ಅಂತ ಕೆಲವರು ವಾದಿಸುತ್ತಾರೆ. ಎರಡೂ ಸೇರಿಕೊಂಡಿರಲೂಬಹುದು, ಯಾಕಂದ್ರೆ ಮೈಯ ನೋವು ನಿಜವಾಗಿದ್ದಾಗಲೂ ಭಯ ಅದಕ್ಕೆ ಅಂಟಿಕೊಳ್ಳುತ್ತೆ.

ಇಷ್ಟಾದರೂ ಭಯವನ್ನೇ ಅವನು ಪ್ರಯೋಗಕ್ಕೆ ಇಟ್ಟ. ಲಂಡನ್ ಮೃಗಾಲಯದಲ್ಲಿ ವಿಷದ ಹಾವಿದ್ದ ದಪ್ಪ ಗಾಜಿಗೆ ಮುಖ ಹತ್ತಿರ ಹಿಡಿದು, ಏನಾದರೂ ಹಿಂದೆ ಸರಿಯೋದಿಲ್ಲ ಅಂತ ನಿಶ್ಚಯಿಸಿದ. ಹಾವು ಎರಗಿದ್ದೇ ತಡ, ಛಂಗನೆ ಹಿಂದಕ್ಕೆ ಹಾರಿದ್ದ! ಗಾಜು ಇದೆ ಅನ್ನೋ ಬುದ್ಧಿಯ ಮಾತನ್ನು ಮೈ ಕೇಳಲಿಲ್ಲ. ಮನುಷ್ಯ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿ ಕುರಿತ 1872ರ ಪುಸ್ತಕದಲ್ಲಿ ಇದನ್ನೂ ದಾಖಲಿಸಿದ.

1882ರ ಏಪ್ರಿಲ್ 19ರಂದು, 73ನೇ ವಯಸ್ಸಿನಲ್ಲಿ, ಕೊನೆಗೂ ಹೃದಯದ ತೊಂದರೆಯಿಂದಲೇ ತೀರಿಕೊಂಡ. ಪ್ಲಿಮತ್‌ನಲ್ಲಿ ಹೆದರಿದ್ದಕ್ಕೂ ಇದಕ್ಕೂ ನಡುವೆ ಐವತ್ತು ವರ್ಷ.

ಡಾಕ್ಟರಿಗೆ ತೋರಿಸದೇ ಇದ್ದದ್ದನ್ನು ಮಾತ್ರ ಅವನಿಂದ ಕಾಪಿ ಹೊಡೀಬೇಡಿ. ಎದೆ ನೋವಿದ್ರೆ ತೋರಿಸಿ. ಎಲ್ಲ ಸರಿಯಿದೆ ಅಂದಮೇಲೂ ಎದೆ ಡವಗುಟ್ಟಿದರೆ, ಬಡಿಯಲಿ ಬಿಡಿ. ಡವಗುಟ್ಟುವ ಎದೆಯೊಂದಿಗೇ ವೈವಾ ರೂಮಿನ ಒಳಗೆ ನಡೀರಿ.