ಚೀನಾವನ್ನೇ ತನ್ನ ನಾಡಾಗಿಸಿಕೊಂಡ ಸಂತ ಜೋಸೆಫ್ ಫ್ರೈನಾಡೆಮೆಟ್ಸ್

ಜನವರಿ 28 ಸಂತ ತೋಮಸ್ ಅಕ್ವಿನಾಸರ ಹಬ್ಬ. 1908ರ ಅದೇ ದಿನ ಚೀನಾದ ಶಾಂಡೊಂಗ್ ಪ್ರಾಂತ್ಯದಲ್ಲಿ ಟೈಫಸ್ ಜ್ವರದಿಂದ ನಿಧನರಾದ ಧರ್ಮಗುರು ಜೋಸೆಫ್ ಫ್ರೈನಾಡೆಮೆಟ್ಸ್ ಅವರನ್ನೂ ಈ ಸಂದರ್ಭದಲ್ಲಿ ಸ್ಮರಿಸುವುದು ಯೋಗ್ಯ.

ಜೋಸೆಫ್ 1852ರ ಏಪ್ರಿಲ್ 15ರಂದು ಟಿರೋಲ್ ಬೆಟ್ಟಗಳ ಓಯಿಸ್ ಎಂಬ ಪುಟ್ಟ ಊರಿನ ರೈತ ಕುಟುಂಬದಲ್ಲಿ ಹುಟ್ಟಿದರು. 1875ರಲ್ಲಿ ಗುರುದೀಕ್ಷೆ ಪಡೆದು, ಸಂತ ಅರ್ನಾಲ್ಡ್ ಜಾನ್ಸೆನ್ ಆಗಷ್ಟೇ ಸ್ಥಾಪಿಸಿದ್ದ ಎಸ್.ವಿ.ಡಿ. ಸಂಸ್ಥೆಯನ್ನು ಸೇರಿದರು. 1879ರಲ್ಲಿ ಚೀನಾಕ್ಕೆ ಹೊರಟವರು ಮತ್ತೆ ಊರಿಗೆ ಮರಳಲೇ ಇಲ್ಲ. ದಕ್ಷಿಣ ಶಾಂಡೊಂಗಿನಲ್ಲಿ ಅವರಿಗೆ ಸಿಕ್ಕಿದ್ದು ಸುಮಾರು ಒಂದು ಕೋಟಿ ಇಪ್ಪತ್ತು ಲಕ್ಷ ಜನರ ನಡುವೆ ಕೇವಲ 158 ಕಥೋಲಿಕರು!

ಆಗ ಕ್ವಿಂಗ್ ರಾಜವಂಶ ಸೊರಗಿತ್ತು. ಅಫೀಮಿನ ಯುದ್ಧದಲ್ಲಿ ಸೋತು 1842ರಲ್ಲಿ ಹಾಂಗ್‌ಕಾಂಗನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟಿತ್ತು. 1850ರಿಂದ 1864ರವರೆಗಿನ ತೈಪಿಂಗ್ ದಂಗೆಯಲ್ಲಿ ಕೋಟಿಗಟ್ಟಲೆ ಜನ ಸತ್ತರು. ಅದರ ನಾಯಕ ಹೊಂಗ್ ಶಿಯುಚ್ವಾನ್ ತಾನು ಯೇಸುವಿನ ತಮ್ಮನೆಂದು ಹೇಳಿಕೊಂಡಿದ್ದ. ಹೀಗಿರುವಾಗ ಕ್ರೈಸ್ತ ಧರ್ಮವೆಂದರೆ ಅಧಿಕಾರಿಗಳಿಗೆ ಸಂಶಯ ಬಂದದ್ದರಲ್ಲಿ ಆಶ್ಚರ್ಯವೇನು? ಇತ್ತ ಮಿಷನರಿಗಳಿಗೆ ರಕ್ಷಣೆ ಒದಗಿಸಿದ್ದೂ ಸೋತ ಚೀನಾದ ಮೇಲೆ ಹೇರಿದ ಒಪ್ಪಂದಗಳೇ.

ಈ ರಕ್ಷಣೆಯೇ ಮುಳುವಾಯಿತು. 1897ರ ನವೆಂಬರ್ 1ರ ರಾತ್ರಿ ಜುಯೆ ಪ್ರದೇಶದ ಹಳ್ಳಿಯೊಂದರಲ್ಲಿ ಇದೇ ಸಂಸ್ಥೆಯ ಗುರುಗಳಾದ ರಿಚರ್ಡ್ ಹೆನ್ಲೆ ಮತ್ತು ಫ್ರಾನ್ಸಿಸ್ ನೀಸ್ ಕೊಲೆಯಾದರು. ಎರಡು ವಾರದೊಳಗೆ ಜರ್ಮನಿಯ ನೌಕಾಪಡೆ ಜಿಯಾವೊಝೊ ಕೊಲ್ಲಿಯನ್ನು ವಶಪಡಿಸಿಕೊಂಡಿತು. ಮರುವರ್ಷ ಅದನ್ನು 99 ವರ್ಷಗಳ ಗುತ್ತಿಗೆಗೆ ಬರೆಸಿಕೊಂಡಿತು. ಮಿಷನಿನ ಬಿಷಪ್ ಆನ್ಜರ್ ಅವರೇ ಈ ಕ್ರಮಕ್ಕೆ ಒತ್ತಾಸೆಯಾಗಿದ್ದರು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಗುರುಗಳ ರಕ್ತ ಒಂದು ಬಂದರಿಗೆ ಬೆಲೆಯಾದದ್ದು ದುಃಖದ ಸಂಗತಿ. ಇತರ ರಾಷ್ಟ್ರಗಳೂ ತಮ್ಮ ತಮ್ಮ ಪಾಲಿಗೆ ಕೈಚಾಚಿದವು. ಶಾಂಡೊಂಗಿನ ಬಡ ರೈತರ ಸಿಟ್ಟು ಬಾಕ್ಸರ್ ದಂಗೆಯಾಗಿ ಸಿಡಿಯಿತು.

1900ರಲ್ಲಿ ವಿದೇಶಿಯರೆಲ್ಲ ಕರಾವಳಿಯ ಚಿಂಗ್‌ದಾವೊಗೆ ತೆರಳಬೇಕೆಂದಾಯಿತು. ಫಾದರ್ ಜೋಸೆಫ್ ಹೊರಟವರು ದಾರಿಯಿಂದಲೇ ತಿರುಗಿ ಪುವೊಲಿಯ ತಮ್ಮ ಕ್ರೈಸ್ತರ ಬಳಿಗೆ ಬಂದರು. ಹಿಂದೆ 1889ರಲ್ಲಿ ಜನರ ಹೊಡೆತ ತಿಂದವರು. ಗಂಟಲೂ ಶ್ವಾಸಕೋಶವೂ ಕೆಟ್ಟು 1898ರಲ್ಲಿ ಜಪಾನಿಗೆ ಚಿಕಿತ್ಸೆಗೆ ಹೋಗಿ ಬಂದವರು. ಆದರೂ ಕಾಪಾಡಲು ಯಾವ ಹಡಗೂ ಇಲ್ಲದ ಸ್ಥಳೀಯ ಕ್ರೈಸ್ತರನ್ನು ಬಿಟ್ಟು ಹೋಗಲು ಅವರ ಮನಸ್ಸು ಒಪ್ಪಲಿಲ್ಲ. ಆ ವರ್ಷ ಸತ್ತ ಕ್ರೈಸ್ತರಲ್ಲಿ ಹೆಚ್ಚಿನವರು ಚೀನೀಯರೇ.

ದಂಗೆಗೆ ಬೆಂಬಲ ಕೊಟ್ಟ ರಾಜಮಾತೆ ಸಿಶಿಯ ಸರಕಾರ 1901ರಲ್ಲಿ 45 ಕೋಟಿ ತೇಲ್ ಬೆಳ್ಳಿಯ ದಂಡಕ್ಕೆ ಒಪ್ಪಬೇಕಾಯಿತು. 39 ವರ್ಷಗಳ ಕಂತು! ರಾಜಮನೆತನ ಮತ್ತೆ ಚೇತರಿಸಲಿಲ್ಲ.

ಫಾದರ್ ಜೋಸೆಫ್ ಮಾತ್ರ ಉಪದೇಶಿಗಳಿಗೆ ತರಬೇತಿ, ಗುರುವಿದ್ಯಾರ್ಥಿಗಳ ಶಿಕ್ಷಣ, ಕಾಯಿಲೆಯವರ ಆರೈಕೆ ಎಂದು ದುಡಿಯುತ್ತಲೇ ಇದ್ದರು. ಟೈಫಸ್ ಹಬ್ಬಿದಾಗ ರೋಗಿಗಳಿಂದಲೇ ಅವರಿಗೂ ಅಂಟಿತು. ಅವರು ತೀರಿಹೋದ ವರ್ಷದ ನವೆಂಬರಿನಲ್ಲಿ ಸಾಮ್ರಾಟ ಗುವಾಂಗ್‌ಶು, ರಾಜಮಾತೆ ಸಿಶಿ ಇಬ್ಬರೂ ಸತ್ತರು. 1912ರ ಫೆಬ್ರವರಿಯಲ್ಲಿ ಬಾಲ ಸಾಮ್ರಾಟ ಪುಯಿಯ ಪದತ್ಯಾಗದೊಂದಿಗೆ ಕ್ವಿಂಗ್ ಆಳ್ವಿಕೆ ಮುಗಿಯಿತು.

ಪೋಪ್ ಆರನೇ ಪಾಲ್ 1975ರಲ್ಲಿ ಅವರನ್ನು ಧನ್ಯರೆಂದು ಘೋಷಿಸಿದರು. 2003ರ ಅಕ್ಟೋಬರ್ 5ರಂದು ಪೋಪ್ ದ್ವಿತೀಯ ಜಾನ್ ಪಾಲ್, ಅರ್ನಾಲ್ಡ್ ಜಾನ್ಸೆನ್ ಅವರೊಂದಿಗೆ ಇವರನ್ನೂ ಸಂತ ಪದವಿಗೇರಿಸಿದರು.